ಕ್ಲಿಕ್ ಟ್ರ್ಯಾಕ್ ಇಲ್ಲದೆ, ಒಂದೇ ರೂಮಲ್ಲಿ ನನ್ನ ಕಂಟ್ರಿ ಇಪಿ ಮಾಡಿದ್ದು

ಆಸ್ಟಿನ್‌ನಲ್ಲಿ ಕಂಟ್ರಿ (ಅಮೆರಿಕದ ಹಳ್ಳಿಗಾಡಿನ ಶೈಲಿಯ ಹಾಡು) ಹಾಡ್ತೀನಿ ಅಂದಾಗ ಇಲ್ಲಿನ ಕನ್ನಡ ಫ್ರೆಂಡ್ಸೇ "ಟೋಪಿ ಹಾಕ್ಕೊಂಡ್ರೆ ವಿಲ್ಲಿ ನೆಲ್ಸನ್ ಆಗ್ತೀಯೇನೋ, ರಾಜ್ಯೋತ್ಸವಕ್ಕೆ ಬಂದು ಭಾವಗೀತೆ ಹಾಡು ಸಾಕು" ಅಂದಿದ್ರು (ವಿಲ್ಲಿ ಅಂದ್ರೆ ಟೆಕ್ಸಾಸ್‌ನ ಹೆಸರಾಂತ ಕಂಟ್ರಿ ಗಾಯಕ). ಈಗ ಐದು ಹಾಡಿನ ಇಪಿ ಹೊರಗೆ ಬಂದು, ಹಾಕಿದ ದುಡ್ಡೂ ವಾಪಸ್ ಬಂದು, ಬಾರ್‌ನವರೇ ಫೋನ್ ಮಾಡಿ ಶುಕ್ರವಾರ ರಾತ್ರಿ ಕೊಡ್ತಿದಾರೆ, ಅದಕ್ಕೇ ಬರೀತಿದೀನಿ. ರೆಕಾರ್ಡಿಂಗ್ ಗೊತ್ತಿರೋರಿಗೆ ಮಾತ್ರ ಇದು, ಬೇಸಿಕ್ಸ್ ಹೇಳ್ತಾ ಕೂರಲ್ಲ.

ಮೊದಲು ದುಡ್ಡು ಹೋದ ಕಥೆ. ಕಂಟ್ರಿ ಸಂಗೀತದ ರಾಜಧಾನಿ ನ್ಯಾಶ್‌ವಿಲ್‌ನ ಒಂದು ಡೆಮೊ (ಮಾದರಿ ರೆಕಾರ್ಡಿಂಗ್) ಸ್ಟುಡಿಯೋಗೆ ಮೂರು ಹಾಡಿಗೆ ಹೆಚ್ಚುಕಮ್ಮಿ ನಾಲ್ಕೂವರೆ ಸಾವಿರ ಡಾಲರ್ ಕೊಟ್ಟೆ. ಬಾರಿಸೋರು ಅಸಾಧ್ಯ ಜನ, ನಂಬರ್ ಚಾರ್ಟ್ ಒಂದ್ಸಲ ನೋಡಿ ಬಾರಿಸೇಬಿಟ್ರು (ಹಾಡಿನ ಕಾರ್ಡ್‌ಗಳನ್ನ ಅಂಕೆಯಲ್ಲಿ ಬರೆದ ಚೀಟಿ ಅದು; 1-4-5 ಅಂದ್ರೆ ನಮ್ಮ ಸ-ಮ-ಪ, ಸ್ವಲ್ಪ ಸಂಗೀತ ಕಲಿತಿದ್ರೆ ಒಂದು ಸಂಜೇಲಿ ಬರುತ್ತೆ). ಆದ್ರೆ ಕೈಗೆ ಬಂದ ಮಿಕ್ಸಲ್ಲಿ ಕಂಪ್ಯೂಟರ್ ಡ್ರಮ್ಸು, ನನ್ನ ಗಂಟಲಿಗೆ ಶ್ರುತಿ ತಿದ್ದೋ ಆಟೋಟ್ಯೂನು, ಮೇಲೆ "ಸಾಹಿತ್ಯದಲ್ಲಿ ಟ್ರಕ್ಕು, ವಿಸ್ಕಿ ಸೇರಿಸಿದ್ರೆ ಯಾರಿಗಾದ್ರೂ ಮಾರಬಹುದು" ಅಂತ ಸಲಹೆ ಬೇರೆ. ನಾನು ಓಡಿಸೋದು ಹಳೇ ಕ್ಯಾಮ್ರಿ, ಟ್ರಕ್ ಬಗ್ಗೆ ಯಾಕೆ ಸುಳ್ಳು ಹಾಡ್ಲಿ?

ಆಮೇಲೆ ಹಳೇ ಔಟ್‌ಲಾಗಳು (ಎಪ್ಪತ್ತರ ದಶಕದಲ್ಲಿ ನ್ಯಾಶ್‌ವಿಲ್ ಪದ್ಧತಿಗೆ ಬಗ್ಗದ ಕಂಟ್ರಿ ಗಾಯಕರು) ನಿಜವಾಗ್ಲೂ ಏನ್ ಮಾಡಿದ್ರು ಅಂತ ಓದ್ತಾ ಹೋದೆ. ಗಡ್ಡ, ಜಡೆ ಎಲ್ಲ ಆಮೇಲಿನ ವಿಷಯ. ವೇಲನ್ ಜೆನಿಂಗ್ಸ್ 1972ರಲ್ಲಿ ತನ್ನ ರೆಕಾರ್ಡ್ ಕಂಪನಿ ಆರ್‌ಸಿಎ ಜೊತೆ ಪಟ್ಟು ಹಿಡಿದು ಗೆದ್ದಿದ್ದು ತನ್ನ ರೆಕಾರ್ಡ್ ತನ್ನಿಷ್ಟದಂತೆ ಮಾಡ್ಕೊಳ್ಳೋ ಹಕ್ಕು, ಊರೂರು ಸುತ್ತೋವಾಗ ಬಾರಿಸೋ ತನ್ನ ಹುಡುಗ್ರನ್ನೇ ಸ್ಟುಡಿಯೋಗೂ ಕರ್ಕೊಂಡು ಹೋದ. ವಿಲ್ಲಿ 1975ರಲ್ಲಿ ಡಲ್ಲಾಸ್ ಪಕ್ಕದ ಗಾರ್ಲೆಂಡಲ್ಲಿ 'ರೆಡ್ ಹೆಡೆಡ್ ಸ್ಟ್ರೇಂಜರ್' ಆಲ್ಬಮ್ ಮಾಡ್ದಾಗ ಅವನ ರೆಕಾರ್ಡ್ ಕಂಪನಿ ಕೊಲಂಬಿಯಾದವರಿಗೆ ಅದು ಬರೀ ಡೆಮೊ ತರ ಕೇಳಿಸ್ತು, ಆದ್ರೆ ಕಾಂಟ್ರಾಕ್ಟಲ್ಲಿ ಕೊನೇ ಮಾತು ವಿಲ್ಲೀದೇ ಇತ್ತು, ಹಾಗೇ ಬಿಡುಗಡೆ ಮಾಡಿದ್ರು, ಗಾಯಕನಾಗಿ ಅವನ ಮೊದಲ ನಂಬರ್ ಒನ್ ಹಾಡು ಬಂದಿದ್ದು ಅದರಿಂದಲೇ. ಈಗಿನವರಲ್ಲಿ ಸ್ಟರ್ಜಿಲ್ ಸಿಂಪ್ಸನ್, ಟೈಲರ್ ಚಿಲ್ಡರ್ಸ್ ಇಬ್ರೂ ಅದೇ ದಾರಿ, ಚಿಲ್ಡರ್ಸ್ ಹಾಡಲ್ಲಿ ಅವನ ಪೂರ್ವ ಕೆಂಟಕಿ ಜನ ಹಾಗ್ಹಾಗೇ ಬರ್ತಾರೆ.

ನನ್ನ ಕಥೆ ಅಂದ್ರೆ ಲೇಆಫ್ ಆದ್ಮೇಲೆ ಎಚ್1ಬಿ ವೀಸಾದವರಿಗೆ ಬೇರೆ ಕೆಲಸ ಹುಡುಕೋಕೆ ಸಿಗೋ ಆ 60 ದಿನ. ಅಡುಗೆಮನೇಲಿ ಊರಿಂದ ತಂದ ಬೆಂಗಳೂರು ಪ್ರೆಸ್ ಕ್ಯಾಲೆಂಡರ್, ಅದರಲ್ಲಿ ಹೆಂಡ್ತಿ ಏಕಾದಶಿ ಪಕ್ಕದಲ್ಲೇ ಪೆನ್ಸಿಲ್ಲಲ್ಲಿ ಒಂದೊಂದೇ ದಿನ ಹೊಡೆದು ಹಾಕ್ತಿದ್ಲು. ಇದನ್ನೇ ಇಂಗ್ಲಿಷಲ್ಲಿ ಬರೆದೆ, ಏಕಾದಶಿನೂ ಹಾಗೇ ಬಿಟ್ಟೆ. ಬಾರಲ್ಲಿ ಹಾಡ್ದಾಗ ಆಯಿಲ್ ರಿಗ್ ಕೆಲಸ ಕಳ್ಕೊಂಡಿದ್ದ ಒಬ್ಬ ಬಂದು ಕೈ ಹಿಡ್ಕೊಂಡ, ವೀಸಾ ಗೀಸಾ ಅವನಿಗೆ ಗೊತ್ತಿಲ್ಲ, ತನ್ನ ಹೆಂಡ್ತಿನೂ ಹಂಗೇ ಲೆಕ್ಕ ಹಾಕ್ತಿದ್ಲು ಅಂದ. (ಗ್ರೀನ್ ಕಾರ್ಡ್ ಬರೋವರೆಗೂ ನಾನು ಹಾಡಿ ಒಂದು ಡಾಲರ್ ಮುಟ್ಟಿಲ್ಲ, ಎಚ್1ಬಿಲಿ ಇರೋರು ನೆನಪಿಟ್ಕೊಳ್ಳಿ.)

ರೆಕಾರ್ಡಿಂಗಿಗೆ ಆಸ್ಟಿನ್ ಹತ್ತಿರದ ವಿಂಬರ್ಲಿ ಕಡೆ ಒಂದು ಮರದ ಕ್ಯಾಬಿನ್ ವೀಕೆಂಡಿಗೆ ಬಾಡಿಗೆ ತಗೊಂಡೆ, ಆರುನೂರು ಚಿಲ್ಲರೆ. ಬಾಸ್, ಬರೀ ಸ್ನೇರ್-ಬ್ರಷ್ (ಒಂದು ಚಿಕ್ಕ ಡ್ರಮ್ಮು, ಕಡ್ಡಿ ಬದಲು ಬ್ರಷ್ಷು) ಹಿಡ್ಕೊಂಡ ಡ್ರಮ್ಮರ್, ಎಪ್ಪತ್ತು ದಾಟಿದ ಪೆಡಲ್ ಸ್ಟೀಲ್ (ಮಲಗಿಸಿಟ್ಟು ಸರಳು ಜಾರಿಸಿ ಬಾರಿಸೋ ಗಿಟಾರ್) ಅಜ್ಜ, ತಲಾ ದಿನಕ್ಕೆ ಇನ್ನೂರೈವತ್ತು. ಹೆಡ್‌ಫೋನ್ ಇಲ್ಲ, ಕ್ಲಿಕ್ (ಕಿವೀಲಿ ತಾಳ ಹಾಕೋ ಟಿಕ್-ಟಿಕ್ ಸದ್ದು) ಇಲ್ಲ, ಎಲ್ಲರೂ ಮುಖ ನೋಡ್ಕೊಂಡೇ. ನನಗೆ ಎರಡು ಫಿಗರ್-8 ರಿಬ್ಬನ್ ಮೈಕ್ (ಮುಂದೆ ಹಿಂದೆ ಕೇಳುತ್ತೆ, ಎರಡು ಪಕ್ಕ ಕಿವುಡು): ಬಾಯಿ ಮುಂದಿರೋದರ ಕಿವುಡು ಬದಿ ಗಿಟಾರಿಗೆ, ಗಿಟಾರ್ ಮುಂದಿರೋದರ ಕಿವುಡು ಬದಿ ಬಾಯಿಗೆ. ಎರಡು ಇಂಚು ಆಚೆ ಈಚೆ ಆದ್ರೂ ಸೌಂಡ್ ಕೆಡುತ್ತೆ, ಮೊದಲನೇ ಸಂಜೆ ಪೂರ್ತಿ ಇದಕ್ಕೇ ಹೋಯ್ತು, ಒಂದು ಹಾಡೂ ಸಿಗ್ಲಿಲ್ಲ. ಎರಡನೇ ದಿನ ಮೈಕ್ ಸರಿಯಾಗಿ ಕೂತ್ಕೊಂಡ್ಮೇಲೆ ನಾಲ್ಕು ಹಾಡು ಮಧ್ಯಾಹ್ನದ ಊಟಕ್ಕೆ ಮುಂಚೆ ಮುಗೀತು, ಕೊನೇ ಚರಣದಲ್ಲಿ ಸ್ಪೀಡು ತಾನಾಗೇ ಏರುತ್ತಲ್ಲ, ಅದೇ ಜೀವ. ಪೆಡಲ್ ಸ್ಟೀಲಿನ ಆಂಪ್ (ಸ್ಪೀಕರ್ ಪೆಟ್ಟಿಗೆ) ಯಾವ ಕಡೆ ತಿರುಗಿಸಿಟ್ಟೆ ಅನ್ನೋದು ಮಾತ್ರ ಹೇಳಲ್ಲ, ಇಪಿ ಸೌಂಡಿನ ಅರ್ಧ ಗುಟ್ಟು ಅದೇ.

ನಡುವೆ ಒಂದು ಹುಚ್ಚು ಪ್ರಯೋಗನೂ ಆಯ್ತು. ಊರಿಂದ ತಂದಿದ್ದ ಏಕತಾರಿನ ಇ (E) ಶ್ರುತಿಗೆ ಕೂರಿಸಿ ಪೆಡಲ್ ಸ್ಟೀಲ್ ಸ್ವರದ ಕೆಳಗೆ ಮೀಟಿದೆ. ಜೋರು ಹಾಡಿಗೆ ಬರೀ ಗದ್ದಲ, ಹಾಡಿನ ನಡುವೆನೇ ತಂತಿ ಇಳಿಯೋದು. ನಿಧಾನದ ವಾಲ್ಟ್ಜ್‌ಗೆ (ಮೂರೆಣಿಕೆ ತಾಳದ ಹಾಡು) ಮಾತ್ರ ಎಷ್ಟು ಚೆನ್ನಾಗಿ ಕೂತ್ಕೊಳ್ತು ಅಂದ್ರೆ ಅಜ್ಜ ಬೇಕಂತಲೇ ಇನ್ನೊಂದು ರೌಂಡ್ ಬಾರಿಸ್ದ, ಅದೇ ಐದನೇ ಹಾಡು.

ಮಾಸ್ಟರಿಂಗ್ (ಸೌಂಡಿನ ಕೊನೇ ಹದ), ಮುನ್ನೂರು ಸಿಡಿ ಎಲ್ಲ ಸೇರಿ ಮೂರು ಸಾವಿರ ಡಾಲರ್ ಒಳಗೇ ಮುಗೀತು. ಸ್ಟ್ರೀಮಿಂಗಲ್ಲಿ ಸಾವಿರ ಸಲ ಓಡಿದ್ರೆ ಮೂರು-ನಾಲ್ಕು ಡಾಲರ್, ಅದನ್ನ ನಂಬ್ಕೊಬೇಡಿ. ಹಾಡಿ ಮುಗಿದ ತಕ್ಷಣ ಗಿಟಾರ್ ಪೆಟ್ಟಿಗೆ ಪಕ್ಕ ನಿಂತು ಹತ್ತು ಡಾಲರಿಗೊಂದು ಸಿಡಿ, ಹೆಚ್ಚುಕಮ್ಮಿ ಇನ್ನೂರೈವತ್ತು ಹೋಗಿದೆ, ಟಿಪ್ ಡಬ್ಬಿ ಬೇರೆ. ಪೂರ್ತಿ ಆಲ್ಬಮ್‌ಗೆ ಅದೇ ಕ್ಯಾಬಿನ್, ಅದೇ ಜನ ಬುಕ್ ಆಗಿದೆ, ಡ್ರಮ್ಮರ್ ರೇಟು ಮುನ್ನೂರಕ್ಕೆ ಏರಿಸಿದಾನೆ, ಕೊಡ್ತೀನಿ ಅಂದಿದೀನಿ.