ಗಾರ್ಡ್‌ಬ್ಯಾಂಡ್ ಲೆಕ್ಕ: ಊಹೆ ಬೇಡ, ಪೆನ್ನು ಹಿಡಿಯಿರಿ

ಪುಣೆಯ ಹಿಂಜವಡಿಯ ನಮ್ಮ ತಂಡಕ್ಕೆ ಧಾರವಾಡ, ಬೆಳಗಾವಿ ಕಡೆಯ ಹುಡುಗರು ಬಂದಾಗಲೆಲ್ಲ ಗ್ರಾಫಿಕ್ಸ್ ಡ್ರೈವರ್ (ಚಿಪ್ ನಡೆಸುವ ತಂತ್ರಾಂಶ) ಪಾಠವನ್ನು ನಾನು ಶುರುಮಾಡುವುದು ಗಾರ್ಡ್‌ಬ್ಯಾಂಡಿನಿಂದಲೇ, ಅಂದರೆ ಚಿತ್ರದ ಅಂಚಿನಾಚೆ ತ್ರಿಕೋನವನ್ನು ಕತ್ತರಿಸದೆ ಬಿಡಬಹುದಾದ ಪಟ್ಟಿಯಿಂದ. ಈ ಲೆಕ್ಕಕ್ಕೆ ಗ್ರಾಫಿಕ್ಸ್ ಕಾರ್ಡ್ ಕೂಡ ಬೇಡ.

ವ್ಯೂಪೋರ್ಟಿನ (ಪರದೆಯಲ್ಲಿ ಚಿತ್ರ ಮೂಡುವ ಆಯತದ) ಅಂಚು ದಾಟಿದ ತ್ರಿಕೋನವನ್ನೆಲ್ಲ ಕತ್ತರಿಸುತ್ತ ಕುಳಿತರೆ ಹೊಸ ವರ್ಟೆಕ್ಸ್‌ಗಳು (ಮೂಲೆಬಿಂದುಗಳು) ಹುಟ್ಟಿ ಕೆಲಸ ಕುಂಟುತ್ತದೆ. ಅದಕ್ಕೇ ತ್ರಿಕೋನವನ್ನು ಪಿಕ್ಸೆಲ್‌ಗಳಾಗಿಸುವ ರಾಸ್ಟರೈಸರ್ ತಾಳುವಷ್ಟು ದೂರದವರೆಗೆ ತ್ರಿಕೋನವನ್ನು ಹಾಗೆಯೇ ಬಿಟ್ಟು, ಹೊರಗಿನ ಪಿಕ್ಸೆಲ್‌ಗಳನ್ನು ಸಿಸರ್ ಆಯತದಿಂದ (ಅದರಾಚೆ ಏನೂ ಬಿಡಿಸಬಾರದೆಂಬ ಗಡಿಯಿಂದ) ತಡೆಯುತ್ತೇವೆ. ಎಎಂಡಿ ಚಿಪ್‌ಗಳಿಗೆ ಮೆಸಾ ಎಂಬ ಮುಕ್ತ ಡ್ರೈವರ್ ಸಂಗ್ರಹ ಹಿಡಿಯುವ ಮಿತಿ 16.8 ಸ್ಥಿರಬಿಂದು ಕ್ರಮದಲ್ಲಿ (ಪೂರ್ಣಾಂಕಕ್ಕೆ 16 ಬಿಟ್, ಭಿನ್ನಾಂಶಕ್ಕೆ 8) 32767 ಪಿಕ್ಸೆಲ್. ಹೆಚ್ಚು ನಿಖರತೆ ಬೇಕೆಂದು 12.12ಕ್ಕೆ ಹೋದರೆ ಬರೀ 2047.

ಈಗ ಈ ಮಿತಿ ವ್ಯೂಪೋರ್ಟಿನ ಅರ್ಧ ಅಗಲದ ಎಷ್ಟು ಪಟ್ಟು ಎಂಬ ಲೆಕ್ಕ. 1920×1080 ವ್ಯೂಪೋರ್ಟ್, ಮೂಲ ಸೊನ್ನೆಯಲ್ಲಿ. ಅಡ್ಡಕ್ಕೆ ಸ್ಕೇಲ್, ಅಂದರೆ ಅರ್ಧ ಅಗಲ, 960; ಕೇಂದ್ರವೂ 960. ಬಲಕ್ಕೆ (32767 − 960) ÷ 960 = 33.13; ಎಡಕ್ಕೆ (32767 + 960) ÷ 960 = 35.13. ಎರಡೂ ಬದಿಗೆ ಚಿಪ್ಪಿನ ರಿಜಿಸ್ಟರ್ (ಸಂಖ್ಯೆ ಬರೆದಿಡುವ ಜಾಗ) ಒಂದೇ, ಆದ್ದರಿಂದ ಚಿಕ್ಕದ್ದನ್ನೇ ಬರೆಯಬೇಕು. ಲಂಬಕ್ಕೆ ಬೇರೆಯೇ ಲೆಕ್ಕ: 59.68. ಅಗಲ 16384 ಆದರೆ ಅಡ್ಡಕ್ಕೆ ಮೂರೂ ತುಂಬುವುದಿಲ್ಲ, 12.12ರಲ್ಲಿ 1920ಕ್ಕೆ ಸಿಗುವುದು 1.13. ಒಂದು ದೊಡ್ಡ ಸಂಖ್ಯೆಯನ್ನು ಕೋಡಿನಲ್ಲಿ ಕೆತ್ತಿಟ್ಟು ನಿಶ್ಚಿಂತರಾಗುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ಗ್ರಾಫಿಕ್ಸ್ ಪ್ರೋಗ್ರಾಮಿಂಗ್ ಇಂಟರ್‌ಫೇಸ್ ಆದ ವಲ್ಕನ್‌ನಲ್ಲಿ ಚಿತ್ರ ತಲೆಕೆಳಗಾಗಿಸಲು ವ್ಯೂಪೋರ್ಟಿನ ಎತ್ತರವನ್ನು ಋಣಾತ್ಮಕವಾಗಿ ಕೊಡುವವರಿದ್ದಾರೆ. ಸ್ಕೇಲಿನ ಚಿಹ್ನೆ ತೆಗೆದುಹಾಕಿ, ಆಮೇಲೆ ಭಾಗಿಸಿ. ಸ್ಕೇಲ್ ಸೊನ್ನೆಯಾದರೆ 0.5 ಎಂದು ಹಿಡಿಯಿರಿ. ಹಲವು ವ್ಯೂಪೋರ್ಟ್‌ಗಳಿದ್ದರೆ ಎಲ್ಲದರಲ್ಲಿ ಅತಿ ಚಿಕ್ಕ ಮೌಲ್ಯ.

ಬಳಕೆದಾರ ಸಿಸರ್ ಕೇಳದಿದ್ದರೂ ವ್ಯೂಪೋರ್ಟಿನ ಆಯತವನ್ನು ಸಿಸರ್ ಆಗಿ ಹಾಕಲೇಬೇಕು. ಮರೆತರೆ ಇಬ್ಬರು ಪರದೆ ಹಂಚಿಕೊಂಡು ಆಡುವ ಆಟದಲ್ಲಿ ಎಡಗಡೆಯವನ ಗೋಡೆ ಬಲಗಡೆಯವನ ಆಕಾಶಕ್ಕೆ ನುಗ್ಗುತ್ತದೆ. ಗಾರ್ಡ್‌ಬ್ಯಾಂಡ್ ಅಡ್ಡ, ಲಂಬ ಎರಡಕ್ಕೆ ಮಾತ್ರ. ಕ್ಯಾಮೆರಾದ ಹಿಂದಿನದನ್ನು ಸಮೀಪದ ಸಮತಲದಲ್ಲಿ ಕತ್ತರಿಸದೆ ವಿಧಿಯಿಲ್ಲ.

ಪೂರ್ತಿ ಹೊರಗಿರುವುದನ್ನು ಎಸೆಯುವ ಗಡಿ ಬೇರೆ: ತ್ರಿಕೋನಕ್ಕೆ 1.0, ಅಂದರೆ ವ್ಯೂಪೋರ್ಟಿನ ಅಂಚೇ. ದಪ್ಪ ಬಿಂದು, ಗೆರೆಗಳಿಗೆ ಅರ್ಧ ದಪ್ಪದಷ್ಟು ಸಡಿಲ ಬೇಕು. 64 ಪಿಕ್ಸೆಲ್ ಬಿಂದುವಿಗೆ 1 + 32 ÷ 960, ಅಂದರೆ 1.033. ಇಲ್ಲದಿದ್ದರೆ ಅಂಚಿಗೆ ಬಂದ ಬಿಂದು ಅರ್ಧ ಕಾಣುತ್ತಿರುವಾಗಲೇ ಪಟ್ಟನೆ ಮಾಯವಾಗುತ್ತದೆ.

ಪರೀಕ್ಷೆಗೆ ಒಂದು ತುದಿಯನ್ನು ಕೇಂದ್ರದಿಂದ ಅಡ್ಡಕ್ಕೆ ಅರ್ಧ ಅಗಲದ 40 ಪಟ್ಟು ದೂರಕ್ಕೆ ಎಳೆದ ತ್ರಿಕೋನ ಬಿಡಿಸಿ, ಸಿಪಿಯುನಲ್ಲೇ ಚಿತ್ರ ಬಿಡಿಸುವ ಮೆಸಾದ ಎಲ್‌ಎಲ್‌ವಿಎಂಪೈಪ್‌ನಲ್ಲೂ ಅದನ್ನೇ ಬಿಡಿಸಿ ಹೋಲಿಸಿ. ಅಂಚಿನಲ್ಲಿ ಒಂದೆರಡು ಪಿಕ್ಸೆಲ್ ವ್ಯತ್ಯಾಸಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ತ್ರಿಕೋನ ಪರದೆಯ ಇನ್ನೊಂದು ಬದಿಗೆ ಹಾರಿದ್ದರೆ ಮಾತ್ರ ಸಂಖ್ಯೆ ಮಿತಿ ಮೀರಿ ಸುತ್ತಿಬಂದಿದೆ ಎಂದು ತಿಳಿದು ಭಾಗಾಕಾರಕ್ಕೆ ಮರಳಿ.