ಕೈ ಊರಿ ಬಿದ್ದಾಗ ಮಣಿಕಟ್ಟಿಗೆ ಏನು ಮಾಡಬೇಕು?

ಬಾತ್‌ರೂಮಿನಲ್ಲಿ ಜಾರಿದರೂ ಅಷ್ಟೇ, ಮಳೆಯಲ್ಲಿ ಸ್ಕೂಟರ್ ಸ್ಕಿಡ್ ಆದರೂ ಅಷ್ಟೇ, ನಾವು ಮೊದಲು ಊರುವುದು ಅಂಗೈ. ಮೈಭಾರವೆಲ್ಲ ಮಣಿಕಟ್ಟಿನ ಮೇಲೆ ಬೀಳುತ್ತದೆ. ಆಮೇಲೆ ಸುತ್ತ ನಿಂತವರು "ಬೆರಳು ಆಡ್ತಿದೆಯಲ್ವಾ, ಹಾಗಾದ್ರೆ ಬರೀ ಉಳುಕು" ಅನ್ನುತ್ತಾರೆ. ದಯವಿಟ್ಟು ನಂಬಬೇಡಿ. ಮೂಳೆ ಮುರಿದಿದ್ದರೂ ಬೆರಳು ಆಡುತ್ತವೆ.

ಮೊದಲು ಬಳೆ, ಉಂಗುರ, ವಾಚು ತೆಗೆಯಿರಿ. ಬಾವು ಏರಿದ ಮೇಲೆ ಅವು ಬರುವುದಿಲ್ಲ, ರಕ್ತ ಓಡಾಡುವುದಕ್ಕೂ ಅಡ್ಡಿ. ಬಿಗಿಯಾಗಿದ್ದರೆ ಸೋಪು ಹಚ್ಚಿ ನೋಡಿ, ಆಗದಿದ್ದರೆ ಕತ್ತರಿಸಿ, ಚಿನ್ನದ್ದಾದರೂ ಸರಿ.

ಆಮೇಲೆ ಕೈ ಅಲ್ಲಾಡಬಾರದು. ಒಂದು ದಪ್ಪ ರಟ್ಟನ್ನು ಮೊಣಕೈ ಹತ್ತಿರದಿಂದ ಅಂಗೈವರೆಗೆ ಕೆಳಗಿಟ್ಟು, ಬಟ್ಟೆಯನ್ನು ಜಾಸ್ತಿ ಬಿಗಿಯದೆ ಸುತ್ತಿ, ಹಳೆಯ ವೇಲನ್ನು ಕೊರಳಿಗೆ ಕಟ್ಟಿ ಕೈಯನ್ನು ಅದರಲ್ಲಿ ಇಳಿಬಿಡಿ, ಅಂಗೈ ಮೊಣಕೈಗಿಂತ ಸ್ವಲ್ಪ ಮೇಲಿರಲಿ. ಐಸನ್ನು ಬಟ್ಟೆಯಲ್ಲಿ ಸುತ್ತಿ 15 ನಿಮಿಷ ಇಡಿ. ಸೊಟ್ಟಗಾಗಿದ್ದರೆ ಎಳೆದು ನೆಟ್ಟಗೆ ಮಾಡಬೇಡಿ, ಎಣ್ಣೆ ಹಚ್ಚಿ ನೀವಬೇಡಿ. ಬೆರಳು ಜೋಮು ಹಿಡಿದರೆ, ಬಿಳಿಚಿಕೊಂಡು ತಣ್ಣಗಾದರೆ ತಡಮಾಡದೆ ಆಸ್ಪತ್ರೆಗೆ ಓಡಿ.

ಈಗ ಎಲ್ಲಕ್ಕಿಂತ ಮುಖ್ಯವಾದ ವಿಷಯ. ಹೆಬ್ಬೆರಳನ್ನು ಮೇಲಕ್ಕೆ ಎತ್ತಿ ಹಿಡಿದರೆ ಅದರ ಬುಡದಲ್ಲಿ, ಎರಡು ನರಗಳಂತೆ ಕಾಣುವ ಸ್ನಾಯುರಜ್ಜುಗಳ ನಡುವೆ, ಒಂದು ಚಿಕ್ಕ ಗುಳಿ ಬೀಳುತ್ತದೆ. ಹಿಂದೆ ನಶ್ಯ ಏರಿಸುವವರು ಪುಡಿ ಇಟ್ಟುಕೊಳ್ಳುತ್ತಿದ್ದ ಜಾಗ ಅದು. ಅಲ್ಲಿ ಒತ್ತಿದಾಗ ನೋವಾದರೆ ಸ್ಕೇಫಾಯ್ಡ್ ಮೂಳೆಗೆ ಪೆಟ್ಟಾಗಿರಬಹುದು. ಮಣಿಕಟ್ಟಿನ 8 ಸಣ್ಣ ಮೂಳೆಗಳಲ್ಲಿ ಇದೂ ಒಂದು, ಗೋಡಂಬಿಯಷ್ಟು ದೊಡ್ಡದು. ಇದಕ್ಕೆ ಹೆಚ್ಚಿನ ರಕ್ತ ಬೆರಳಿನ ಕಡೆಯ ತುದಿಯಿಂದ ಒಳಗೆ ಬರುತ್ತದೆ. ನಡುವೆ ಮುರಿದರೆ ತೋಳಿನ ಕಡೆಯ ತುಂಡಿಗೆ ರಕ್ತ ಸಿಗದೆ ಅದು ಸತ್ತೇ ಹೋಗಬಹುದು. ಬಿರುಕು ಮೊದಲ ಎಕ್ಸ್-ರೇಯಲ್ಲಿ ಎಷ್ಟೋ ಸಲ ಕಾಣುವುದಿಲ್ಲ. ಹಾಗಾಗಿ "ಎಕ್ಸ್-ರೇ ನಾರ್ಮಲ್" ಅಂದರೂ ಗುಳಿಯಲ್ಲಿ ನೋವಿದ್ದರೆ ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಪಟ್ಟಿ ಹಾಕಿಸಿಕೊಂಡು 10ರಿಂದ 14 ದಿನದ ನಂತರ ಮತ್ತೊಮ್ಮೆ ಎಕ್ಸ್-ರೇ ಮಾಡಿಸಿ, ಅಥವಾ ಎಂಆರ್‌ಐ ಬೇಕಾ ಅಂತ ಕೇಳಿ.

ನಾಟಿ ಕಟ್ಟು ಅಗ್ಗ, ಹತ್ತಿರದಲ್ಲೇ ಸಿಗುತ್ತದೆ, ಗೊತ್ತು. ಆದರೆ ಮೂಳೆ ಎಲ್ಲಿ ಮುರಿದಿದೆ ಅಂತ ನೋಡದೆ ಬಿದಿರಿನ ದಬ್ಬೆ ಇಟ್ಟು ಬಿಗಿದು, ರಕ್ತ ನಿಂತು ಕೈಯೇ ಹೋಗುವ ಅಪಾಯವಿದೆ.

ಪ್ಲಾಸ್ಟರ್ ಪುಡಿ ಸವರಿದ ಬಟ್ಟೆಯನ್ನು ಒದ್ದೆ ಮಾಡಿ ಸುತ್ತುವ ವಿಧಾನವನ್ನು ಡಚ್ ಸೇನಾ ವೈದ್ಯ ಆಂಟೋನಿಯಸ್ ಮಾಥೈಸೆನ್ 1852ರಲ್ಲಿ ಪ್ರಕಟಿಸಿದರು. ಇವತ್ತಿಗೂ ಅದೇ ನಡೆದುಬಂದಿದೆ, ಆ ಪಟ್ಟಿಗೆ ನೀರು ತಾಗಿದರೆ ಮೆತ್ತಗಾಗುತ್ತದೆ. ಸ್ನಾನಕ್ಕೆ ಮುಂಚೆ ಪ್ಲಾಸ್ಟಿಕ್ ಕವರ್ ಕಟ್ಟಿ. ಒಳಗೆ ತುರಿಸಿದರೆ ಕಡ್ಡಿ ಹಾಕಬೇಡಿ. ಡಾಕ್ಟರು ಬೇಡ ಅನ್ನದಿದ್ದರೆ ಬೆರಳು, ಮೊಣಕೈ, ಭುಜ ದಿನಾ ಆಡಿಸುತ್ತಿರಿ.

ಅಮ್ಮನಿಗೋ ಅತ್ತೆಗೋ 50 ದಾಟಿದ್ದು, ನಿಂತಲ್ಲೇ ಬಿದ್ದು ಮಣಿಕಟ್ಟು ಮುರಿದಿದ್ದರೆ, ಪಟ್ಟಿ ಬಿಚ್ಚಿಸಿ ಸುಮ್ನೆ ಮನೆಗೆ ಬರಬೇಡಿ. ಮೂಳೆ ಸವೆದಿದೆಯಾ ಅಂತ ನೋಡುವ ಡೆಕ್ಸಾ ಸ್ಕ್ಯಾನ್ ಬೇಕಾ ಅಂತ ಅಲ್ಲೇ ಕೇಳಿ. ಮುಂದೆ ಸೊಂಟದ ಮೂಳೆ ಮುರಿಯುವುದನ್ನು ತಪ್ಪಿಸಲು ಇನ್ನೂ ಸಮಯ ಇರುತ್ತದೆ.