‘ಕೂಲಿ’ ಅಂದ ಕೂಡಲೇ ಕೂಲಿ ಅಂತ ಬರೆಯಬೇಡಿ

ಬೆಳಗಾವಿಯ ವಡಗಾವಿಯಲ್ಲಿ ಒಂದು ಓಣಿ. ಅಲ್ಲಿನ ಮನೆಗಳನ್ನು ಸ್ಥಿತಿಗತಿ ನೋಡಿ ವಿಂಗಡಿಸಬೇಕು. ಕಾಲೇಜಿನ ಪ್ರಾಜೆಕ್ಟೋ, ಆರೋಗ್ಯ ಸಮೀಕ್ಷೆಯೋ ಇರಬಹುದು. ಊರೊಳಗಿನ ಮನೆಗಳಿಗೆ ಜಾಸ್ತಿ ಬಳಸುವುದು ಕುಪ್ಪುಸ್ವಾಮಿ ಮಾಪಕ, 1976ರದ್ದು. ಮನೆಯ ಮುಖ್ಯಸ್ಥರ ಓದಿಗೆ 7ರವರೆಗೆ, ಉದ್ಯೋಗಕ್ಕೆ 10ರವರೆಗೆ, ಇಡೀ ಮನೆಯ ತಿಂಗಳ ಆದಾಯಕ್ಕೆ 12ರವರೆಗೆ ಅಂಕ. ಒಟ್ಟು 26–29 ಬಂದರೆ ಮೇಲ್ವರ್ಗ, 16–25 ಮೇಲ್ಮಧ್ಯಮ, 11–15 ಕೆಳಮಧ್ಯಮ, 5–10 ಕೆಳವರ್ಗದ ಮೇಲಿನ ಹಂತ. ಅದಕ್ಕೂ ಕಡಿಮೆ ಇದ್ದರೆ ಕೆಳವರ್ಗ.

ಮೊದಲು ಆದಾಯದ ಪಟ್ಟಿ ಹೊಸದಿದೆಯಾ ನೋಡಿಕೊಳ್ಳಿ. 1976ರ ಪಟ್ಟಿಯಲ್ಲಿ ತಿಂಗಳಿಗೆ 2,000 ರೂಪಾಯಿ ಇದ್ದವರಿಗೆ ಪೂರ್ತಿ 12 ಅಂಕ. ಈಗ ಗೃಹಲಕ್ಷ್ಮಿಯಲ್ಲೇ ಅಷ್ಟು ಬರುತ್ತೆ! ಅದಕ್ಕೇ ಗ್ರಾಹಕ ಬೆಲೆ ಸೂಚ್ಯಂಕದ ಪ್ರಕಾರ ಪರಿಷ್ಕರಿಸಿದ ಪಟ್ಟಿ ಬೇಕು.

ಮುಖ್ಯಸ್ಥರು ಯಾರು ಅಂತ ರೇಷನ್ ಕಾರ್ಡ್ ನೋಡಿ ಬರೆದರೆ ಎಡವಟ್ಟು. 2013ರ ಆಹಾರ ಭದ್ರತಾ ಕಾಯ್ದೆ ಬಂದ ಮೇಲೆ ಕಾರ್ಡಿನಲ್ಲಿ ಮನೆಯ ಹಿರಿಯ ಹೆಂಗಸೇ ಯಜಮಾನಿ. ಮನೆ ನಡೆಸುವವರು ಯಾರು ಅಂತ ಬಾಯಿಬಿಟ್ಟು ಕೇಳಿ. ಕಾರ್ಡ್ ತೋರಿಸಿ ಅಂದರೆ ಅದನ್ನು ರದ್ದು ಮಾಡೋಕೆ ಬಂದವರು ಅಂದುಕೊಂಡು ಬಾಗಿಲು ಹಾಕಿಕೊಳ್ಳುತ್ತಾರೆ.

ನಿಜವಾದ ಕಷ್ಟ ಇರುವುದು ಉದ್ಯೋಗದ ಕಾಲಂನಲ್ಲಿ. ನನ್ನ ಜೊತೆ ಬಂದ ಹುಡುಗ ಒಂದು ಮನೆಯಲ್ಲಿ ಕೇಳಿದ, “ಕಾಕಾ, ಏನ್ ಕೆಲಸಾ ಮಾಡ್ತೀರಿ?”

“ಕೂಲಿ ನೇಯ್ತೀನಿ ತಮ್ಮಾ.”

ಹುಡುಗ ‘ಕೂಲಿ’ ಅಂತ ಬರೆದು 2 ಅಂಕ ಹಾಕಿದ. ಅದು ಕುಶಲತೆ ಬೇಡದ ಕೆಲಸದ ಅಂಕ. ಆದರೆ ನೇಕಾರರ ಬಾಯಲ್ಲಿ ಕೂಲಿ ಅಂದರೆ ಬೇರೆ. ಸಾವಕಾರರು ನೂಲು ಕೊಡುತ್ತಾರೆ, ಇವರು ಮನೆಯ ಮಗ್ಗದಲ್ಲಿ ಸೀರೆ ನೇಯ್ದು ಕೊಡುತ್ತಾರೆ, ಸೀರೆಗೆ ಇಷ್ಟು ಅಂತ ಮಜೂರಿ. ಅದು ಕುಶಲ ಕೆಲಸ, 4 ಅಂಕ. ಕಾಕಾ ಏಳನೇ ಇಯತ್ತೆ ಓದಿದ್ದರು, ಅದಕ್ಕೆ 3. ಆದಾಯಕ್ಕೆ 4. ಹುಡುಗನ ಲೆಕ್ಕದಲ್ಲಿ 9, ಸರಿಪಡಿಸಿದ ಮೇಲೆ 11. ಒಂದು ಪದದಿಂದ ಮನೆಯ ವರ್ಗವೇ ಬದಲಾಯಿತು ನೋಡಿ. ಹಾಗಾಗಿ ಅವರು ಹೇಳಿದ ಮಾತನ್ನೇ ಬರೆದುಕೊಳ್ಳಿ, ಅಂಕ ಸಂಜೆ ಕೂತು ಹಾಕಿ.

ಆದಾಯವನ್ನೂ ಸುಮ್ನೆ “ತಿಂಗಳಿಗೆ ಎಷ್ಟು?” ಅಂದರೆ “ಹೊಟ್ಟಿಗೆ ಬಟ್ಟಿಗೆ ಆಗತೈತ್ರಿ” ಅನ್ನುವ ಉತ್ತರವೇ ಸಿಗುವುದು. ವಾರಕ್ಕೆ ಎಷ್ಟು ಸೀರೆ, ಒಂದಕ್ಕೆ ಎಷ್ಟು ಮಜೂರಿ, ನೂಲು ಸಿಗದೆ ಮಗ್ಗ ನಿಂತ ವಾರ ಎಷ್ಟು ಅಂತ ಕೇಳಿ. ಕಂಡಿಕೆ, ಅಂದರೆ ಲಾಳಿಗೆ ಹಾಕುವ ನೂಲಿನ ಸುರುಳಿ, ಸುತ್ತುವ ಹೆಂಡತಿಯ ಕೆಲಸ ಆ ಮಜೂರಿಯಲ್ಲೇ ಸೇರಿರುತ್ತೆ, ಎರಡು ಸಲ ಲೆಕ್ಕ ಹಿಡಿಯಬೇಡಿ. ಆದರೆ ಅಂಗಡಿಗೆ ಹೋಗುವ ಮಗಳ ಪಗಾರ ಬಿಡಬೇಡಿ.

ಹೊತ್ತೂ ನೋಡಿ ಹೋಗಿ. ಮಗ್ಗ ಓಡುವಾಗ ಪ್ರಶ್ನೆ ನಿಮಗೇ ಕೇಳಿಸುವುದಿಲ್ಲ. ಕರೆಂಟ್ ಹೋದಾಗ ಚಹಾನೂ ಸಿಗುತ್ತೆ, ಮಾತೂ ಸಿಗುತ್ತೆ. ಬಂತು ಅಂದರೆ ಪ್ರಶ್ನೆ ಉಳಿದಿದ್ದರೂ ಎದ್ದುಬಿಡಿ.